ಕಲ್ಲಿಲ್ಲದ ಗೋರಿ ಹುಡುಕೋದು ಹೇಗೆ: ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಹಳೇ ಮೆನ್ನೊನೈಟ್ ಹಳ್ಳಿಗಳ ಸ್ಮಶಾನಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ವಿನ್ನಿಪೆಗ್‌ನಲ್ಲಿರೋ ನಮ್ಮವರು ವೀಕೆಂಡಲ್ಲಿ ಕಾರ್ ತಗೊಂಡು ದಕ್ಷಿಣದ ಕಡೆ ಹೋದಾಗ ನೋಡಿರ್ತೀರ, ಕಣ್ಣು ಹಾಯಿಸಿದಷ್ಟು ದೂರ ರೊಟ್ಟಿ ತಟ್ಟಿದಂಗೆ ಚಪ್ಪಟೆ ಹೊಲ, ಕ್ಯಾನೋಲ, ಗೋಧಿ, ಮಧ್ಯದಲ್ಲಿ ಇದ್ದಕ್ಕಿದ್ದಂಗೆ ಒಂದು ಹುಲ್ಲಿನ ಚೌಕ, ನಾಲ್ಕು ಮರ, ತಂತಿ ಬೇಲಿ, ಪಕ್ಕದಲ್ಲಿ ಊರೂ ಇಲ್ಲ ಚರ್ಚೂ ಇಲ್ಲ. ನಾನೂ ಎರಡು ವರ್ಷ ಅದನ್ನ ನೋಡ್ಕೊಂಡೇ ಹೋಗ್ತಿದ್ದೆ, ಏನು ಅಂತ ಯೋಚ್ನೆ ಮಾಡಿರ್ಲಿಲ್ಲ. ಆಫೀಸಲ್ಲಿ ನನ್ನ ಪಕ್ಕದ ಸೀಟಿನ ಕಲೀಗ್ ಒಬ್ಳು "ಅದು ನಮ್ಮಜ್ಜಿಯ ಊರಿನ ಸ್ಮಶಾನ, ಊರು ಹೋಯ್ತು, ಅದೊಂದು ಉಳೀತು" ಅಂದ್ಮೇಲೆ ಶುರುವಾದ ಹುಚ್ಚು ಇದು. ಅವಳ ಮುತ್ತಜ್ಜಿಯ ತಂಗಿ ಒಂದು ಮಗು, ಹುಟ್ಟಿ ಕೆಲವೇ ತಿಂಗಳಿಗೆ ತೀರಿಕೊಂಡಿದ್ದು, ಅದರ ಗೋರಿ ಎಲ್ಲಿದೆ ಅಂತ ಹುಡುಕ್ಬೇಕಿತ್ತು. ಮೂರು ಬೇಸಿಗೆ ಹಿಡೀತು. ಆ ಮೂರು ಬೇಸಿಗೆಯಲ್ಲಿ ಮಾಡಿದ ತಪ್ಪುಗಳಿಂದ ಕಲಿತಿದ್ದನ್ನ ಇಲ್ಲಿ ಬರೀತಿದೀನಿ.

ಒಂದು ವಿಷಯ ಮೊದ್ಲೇ ತಲೇಲಿಟ್ಕೊಳ್ಳಿ. ಈ ಸ್ಮಶಾನಗಳಲ್ಲಿ ಕಲ್ಲು ಇಲ್ಲ ಅಂದ್ರೆ ಗೋರಿ ಇಲ್ಲ ಅಂತಲ್ಲ. ಆದ್ರಿಂದ ಮೊದ್ಲು ಕಾಗದ, ಆಮೇಲೆ ನೆಲ, ಕೊನೇಲಿ ಕಲ್ಲು. ಎಲ್ರೂ ಇದನ್ನ ತಿರುಗಾಮುರುಗಾ ಮಾಡ್ತಾರೆ, ನಾನೂ ಮಾಡ್ದೆ.

1. ಊರಿನ ಕಥೆ ಗೊತ್ತಿಲ್ದೆ ಹೋಗ್ಬೇಡಿ

ಮೆನ್ನೊನೈಟ್ರು ಅಂದ್ರೆ 16ನೇ ಶತಮಾನದ ಡಚ್ ಪಾದ್ರಿ ಮೆನ್ನೊ ಸೈಮನ್ಸ್ ಹೆಸರಲ್ಲಿ ಗುರುತಿಸಿಕೊಂಡ ಕ್ರೈಸ್ತ ಪಂಗಡ, ಕತ್ತಿ ಹಿಡಿಯಲ್ಲ, ಸೈನ್ಯಕ್ಕೆ ಸೇರಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಲ್ಲ, ದೊಡ್ಡವರಾದ್ಮೇಲೆ ಅವರಾಗೇ ಒಪ್ಪಿಕೊಂಡ್ರೆ ಮಾತ್ರ. ಹಾಲೆಂಡ್ ಕಡೆಯಿಂದ ಪೋಲೆಂಡ್‌ನ ವಿಸ್ಟುಲ ನದಿಯ ಮುಖಜ ಭೂಮಿಗೆ, ಅಲ್ಲಿಂದ 1789ರಲ್ಲಿ ಆಗ ರಷ್ಯಾದ ಕೈಲಿದ್ದ, ಈಗಿನ ಯುಕ್ರೇನ್‌ನ ಖೋರ್ತಿತ್ಸಕ್ಕೆ, 1804ರಲ್ಲಿ ಮೊಲೋಚ್ನಕ್ಕೆ, ಆಮೇಲೆ ಅಲ್ಲೂ ಸೈನ್ಯಕ್ಕೆ ಸೇರ್ಬೇಕು ಅನ್ನೋ ಹೊಸ ಕಾನೂನು ಬಂದಾಗ 1873ರಲ್ಲಿ 12 ಜನ ಪ್ರತಿನಿಧಿಗಳನ್ನ ಅಮೆರಿಕ, ಕೆನಡಾ ನೋಡ್ಕೊಂಡು ಬನ್ನಿ ಅಂತ ಕಳ್ಸಿದ್ರು. ಕೆನಡಾ ಸರ್ಕಾರ ಸೈನ್ಯದ ವಿನಾಯಿತಿ ಕೊಡ್ತೀವಿ, ಜಮೀನು ಒಟ್ಟಿಗೆ ಕೊಡ್ತೀವಿ ಅಂದಿತು. 1874ರ ಆಗಸ್ಟ್ 1ಕ್ಕೆ ಇಂಟರ್‌ನ್ಯಾಷನಲ್ ಅನ್ನೋ ಸ್ಟೀಮ್ ಬೋಟಿನಲ್ಲಿ ಮೊದಲ ಗುಂಪು ರೆಡ್ ನದಿಗೆ ರ‍್ಯಾಟ್ ನದಿ ಸೇರೋ ಕಡೆ ಇಳೀತು. 1880ರ ಒಳಗೆ ಸುಮಾರು 7,000 ಜನ ಮ್ಯಾನಿಟೋಬಾಕ್ಕೆ ಬಂದ್ರು.

ಅವರಿಗೆ ಸಿಕ್ಕಿದ್ದು ಎರಡು ದೊಡ್ಡ ಪ್ರದೇಶ. ಸ್ಟೈನ್‌ಬ್ಯಾಕ್ ಸುತ್ತ ಈಸ್ಟ್ ರಿಸರ್ವ್, ಆಲ್ಟೋನ, ವಿಂಕ್ಲರ್ ಸುತ್ತ ವೆಸ್ಟ್ ರಿಸರ್ವ್. ಸರ್ಕಾರ ಹಂಚಿದ್ದು ಬಿಡಿ ಬಿಡಿ ಫಾರ್ಮ್‌ಗಳಾಗಿ, ಇವರು ಅದನ್ನ ಒಟ್ಟು ಸೇರಿಸಿ ನಮ್ಮ ಅಗ್ರಹಾರದ ತರ ಒಂದೇ ಬೀದಿ, ಎರಡೂ ಕಡೆ ಮನೆ, ಮನೆ ಹಿಂದೆ ಅದಕ್ಕೇ ಅಂಟಿಕೊಂಡು ಕೊಟ್ಟಿಗೆ, ಅದರಾಚೆ ಎಲ್ಲರ ಹೊಲ ಪಟ್ಟಿ ಪಟ್ಟಿಯಾಗಿ, ಹಿಂಗೆ ಊರು ಕಟ್ಕೊಂಡ್ರು. ಇಂಥ ಊರುಗಳು ನೂರಕ್ಕೂ ಹೆಚ್ಚು ಇದ್ವು. ಅದರ ರೂಪ ಇವತ್ತೂ ನೋಡ್ಬೇಕು ಅಂದ್ರೆ ಆಲ್ಟೋನ ಹತ್ರ ನ್ಯೂಬರ್ಗ್‌ತಾಲ್‌ಗೆ ಹೋಗಿ, 1876ರಲ್ಲಿ ಶುರುವಾದ ಊರು, ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಸ್ಮಶಾನ ಹುಡುಕೋ ಮುಂಚೆ ಆ ಬೀದಿಯಲ್ಲಿ ಒಂದ್ಸಲ ನಡೆದ್ರೆ ಎಲ್ಲಿ ಏನಿರತ್ತೆ ಅನ್ನೋ ಅಂದಾಜು ಬರತ್ತೆ.

ಮತ್ತೆ ಊರು ಯಾಕೆ ಹೋಯ್ತು? ಎರಡು ಕಾರಣ ಮುಖ್ಯ. ಕೆಲವರು ಬೀದಿ ಬಿಟ್ಟು ತಮ್ಮ ಹೆಸರಲ್ಲಿದ್ದ ಜಮೀನಿಗೇ ಮನೆ ಹಾಕ್ಕೊಂಡು ಹೋದ್ರು, ಊರು ಕರಗ್ತು. ಇನ್ನೊಂದು, 1916ರಲ್ಲಿ ಮ್ಯಾನಿಟೋಬಾ ಸರ್ಕಾರ ಇಂಗ್ಲಿಷ್ ಶಾಲೆ ಕಡ್ಡಾಯ ಮಾಡ್ತು, ಜರ್ಮನ್ ಶಾಲೆ ಬಿಡೋಕೆ ಒಪ್ಪದ ಸಾವಿರಾರು ಜನ 1922ರಿಂದ ಮೆಕ್ಸಿಕೋಗೆ, 1926ರಿಂದ ಪರಾಗ್ವೆಗೆ ಹೊರಟೇ ಬಿಟ್ರು. ಮನೆ ಮಾರಬಹುದು, ಹಸು ಮಾರಬಹುದು, ಸ್ಮಶಾನ ಏನು ಮಾಡ್ತೀರ? ಹೊಲದ ಮಧ್ಯ ಉಳೀತು. ಕೆಲವನ್ನ ಮುಂದೆ ಬಂದವರು ಉಳುಮೆನೂ ಮಾಡ್ಬಿಟ್ರು.

(ನಮಗೇನು ಸಂಬಂಧ ಅಂತ ಕೇಳೋರಿಗೆ: ರಾಯಚೂರಿಂದ ಕೃಷ್ಣೆ ದಾಟಿ ಮೆಹಬೂಬ್‌ನಗರ, ನಲ್ಗೊಂಡ ಕಡೆ ಮೆನ್ನೊನೈಟ್ ಚರ್ಚ್‌ಗಳು ಇದಾವಲ್ಲ, ಆ ಎಳೆ ಶುರುವಾಗಿದ್ದು 1890ರ ಹೊತ್ತಿಗೆ ರಷ್ಯಾದಿಂದ ನಲ್ಗೊಂಡಕ್ಕೆ ಬಂದ ಅಬ್ರಹಾಂ ಫ್ರೀಸೆನ್ ಅನ್ನೋ ಮೆನ್ನೊನೈಟ್ ಮಿಷನರಿಯಿಂದ. ಅಲ್ಲಿಗೆ ಸಾಕು, ವಿಷಯಕ್ಕೆ ಬರೋಣ.)

2. ಕಾಗದ

ಮನೇಲೇ ಕೂತು ಮಾಡೋ ಕೆಲಸ ಇದು, ಚಳಿಗಾಲಕ್ಕೆ ಇಟ್ಕೊಳ್ಳಿ. ಹೇಗಿದ್ರೂ ಮೈನಸ್ 30ರಲ್ಲಿ ಹೊರಗೆ ಹೋಗೋಕಾಗಲ್ಲ.

ಮೊದ್ಲು ಚರ್ಚಿನ ಕುಟುಂಬ ರಿಜಿಸ್ಟರ್. ಜರ್ಮನ್‌ನಲ್ಲಿ ಗೆಮೈಂಡೆಬೂಖ್ ಅಂತಾರೆ. ಒಂದೊಂದು ಕುಟುಂಬಕ್ಕೆ ಒಂದು ಪುಟ, ಗಂಡ, ಹೆಂಡತಿ, ಮಕ್ಕಳು, ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು. ಹೂತ ಜಾಗ ಸಾಮಾನ್ಯವಾಗಿ ಬರೆದಿರಲ್ಲ, ಅದೇ ಕಷ್ಟ. ವಿನ್ನಿಪೆಗ್‌ನ ಮೆನ್ನೊನೈಟ್ ಹೆರಿಟೇಜ್ ಆರ್ಕೈವ್ಸ್‌ನಲ್ಲಿ ಇಂಥ ದಾಖಲೆ ಬೇಕಾದಷ್ಟು ಇದೆ. ಹೋಗೋ ಮುಂಚೆ ಒಂದು ಮೇಲ್ ಹಾಕಿ, ಯಾವ ಊರು, ಯಾವ ಮನೆತನ ಅಂತ ಹೇಳಿ, ಸುಮ್ನೆ "ಮೆನ್ನೊನೈಟ್ ಸ್ಮಶಾನದ ಬಗ್ಗೆ ಮಾಹಿತಿ ಬೇಕು" ಅಂದ್ರೆ ಅವರು ತಾನೆ ಏನು ಕೊಡ್ತಾರೆ.

ಎರಡನೇದು ಗ್ರ್ಯಾಂಡ್ಮಾ. ಅಜ್ಜಿ ಅಲ್ಲ, ಕ್ಯಾಲಿಫೋರ್ನಿಯಾದ ಮೆನ್ನೊನೈಟ್ ಇತಿಹಾಸ ಸಂಘ ನಡೆಸೋ ವಂಶಾವಳಿ ಡೇಟಾಬೇಸ್, ಒಬ್ಬೊಬ್ರಿಗೂ ಒಂದೊಂದು ನಂಬರ್. ಈ ನಂಬರ್ ಬೇಕೇ ಬೇಕು, ಯಾಕಂದ್ರೆ ಹೆಸರುಗಳು ಭಾರಿ ಕಾಟ. ಮಂಡ್ಯದ ಕಡೆ ಮನೆಗೊಬ್ಬ ಸಿದ್ದೇಗೌಡ, ಬೀದಿಗೊಬ್ಬ ನಂಜೇಗೌಡ ಇದ್ದಂಗೆ ಇಲ್ಲಿ ಪೀಟರ್, ಯಾಕೋಬ್, ಯೋಹಾನ್, ಹೈನ್ರಿಶ್, ಹೆಂಗಸರಲ್ಲಿ ಕತರೀನ, ಹೆಲೇನ, ಅಗನೇಥ, ಮನೆತನಗಳಲ್ಲಿ ಫ್ರೀಸೆನ್, ಪೆನ್ನರ್, ವೀಬೆ, ಡಿಕ್, ರೈಮರ್, ಅದನ್ನೇ ತಿರುಗಿಸಿ ತಿರುಗಿಸಿ ಇಡ್ತಾರೆ. ಸಾಲದ್ದಕ್ಕೆ ಮಗು ಸತ್ರೆ ಮುಂದೆ ಹುಟ್ಟಿದ ಮಗುಗೆ ಅದೇ ಹೆಸರು. ಒಂದೇ ಮನೇಲಿ ಮೂರು ಹೆಲೇನ ನೋಡಿದೀನಿ, ಬದುಕಿದ್ದು ಮೂರನೇಯವಳು.

ಮೂರನೇದು ಯಾರೂ ನೋಡದ ಬಂಗಾರದ ಗಣಿ, ವೈಸೆನಾಮ್ಟ್ ಪುಸ್ತಕ. ಅನಾಥರ ಆಸ್ತಿ ನೋಡ್ಕೊಳ್ಳೋ ಸಮುದಾಯದ ಕಚೇರಿ ಅದು. ಅಪ್ಪನೋ ಅಮ್ಮನೋ ಹೋದ್ರೆ ಆಸ್ತಿ ಲೆಕ್ಕ ಹಾಕಿ ಅರ್ಧ ಉಳಿದವರಿಗೆ, ಇನ್ನರ್ಧ ಮಕ್ಕಳಿಗೆ, ಗಂಡು ಹೆಣ್ಣು ಅಂತ ಭೇದ ಇಲ್ದೆ ಸಮಪಾಲು (ಆ ಕಾಲದಲ್ಲೇ, ನೋಡಿ). ಹಸು ಎಷ್ಟು, ಗಾಡಿ ಎಷ್ಟು, ಸಾಲ ಎಷ್ಟು, ಎಲ್ಲ ಬರೆದಿರತ್ತೆ. ಸಾವಿನ ತಾರೀಕು ಬೇರೆಲ್ಲೂ ಸಿಗ್ಲಿಲ್ಲ ಅಂದ್ರೆ ಈ ಲೆಕ್ಕದಿಂದ ಅಂದಾಜು ಸಿಗತ್ತೆ.

ಇದರ ಜೊತೆ 1881, 1891ರ ಜನಗಣತಿ, ಕ್ವಿಬೆಕ್ ಬಂದರಿನ ಹಡಗಿನ ಪಟ್ಟಿ. ಹಡಗಿನ ಪಟ್ಟಿಯಲ್ಲಿ ಇದ್ದ ಮಗು 1881ರಲ್ಲಿ ಇಲ್ಲ ಅಂದ್ರೆ ನಿಮಗೆ ಅರ್ಥ ಆಗತ್ತೆ.

ಇಷ್ಟಾದ್ಮೇಲೆ ಊರಿನ ಹೆಸರಲ್ಲಿ ಒಂದು ಶೀಟ್ ಮಾಡಿ, ಆ ಊರಲ್ಲಿ ಸತ್ತವರನ್ನೆಲ್ಲ ಸತ್ತ ತಾರೀಕಿನ ಪ್ರಕಾರ ಸಾಲಾಗಿ ಬರೀರಿ, ಪಕ್ಕದಲ್ಲಿ ವಯಸ್ಸು. ಅಕ್ಷರಮಾಲೆ ಪ್ರಕಾರ ಬೇಡ, ತಾರೀಕಿನ ಪ್ರಕಾರವೇ. ಯಾಕೆ ಅಂತ ಮುಂದೆ ಹೇಳ್ತೀನಿ.

3. ಜಾಗ

ನಾನು ಮೊದಲನೇ ಬೇಸಿಗೆ ಅರ್ಧ ದಿನ ತಪ್ಪು ಬ್ಲೂಮೆನೋರ್ಟ್‌ನಲ್ಲಿ ಕಳೆದೆ. ಈಸ್ಟ್ ರಿಸರ್ವ್‌ನಲ್ಲೊಂದು ಬ್ಲೂಮೆನೋರ್ಟ್, ವೆಸ್ಟ್ ರಿಸರ್ವ್‌ನಲ್ಲೊಂದು, ಮೊಲೋಚ್ನದಲ್ಲೂ ಒಂದಿತ್ತು. ಖೋರ್ತಿತ್ಸನೂ ಹಂಗೇ. ತಾಲೂಕಿಗೆ ಎರಡು ಹೊಸಹಳ್ಳಿ ಇದ್ದಂಗೆ. ಹೋದಲ್ಲೆಲ್ಲ ಹಿಂದಿನ ಊರಿನ ಹೆಸರು ಹೊತ್ಕೊಂಡೇ ಹೋದವರು ಇವರು, ಆದ್ರಿಂದ ಬರೀ ಊರಿನ ಹೆಸರು ನಂಬ್ಕೊಂಡು ಜಿಪಿಎಸ್ ಹಾಕ್ಬೇಡಿ, ಸರ್ವೆ ನಂಬರ್ ತಗೊಳ್ಳಿ.

ಇಲ್ಲಿನ ಸರ್ವೆ ನಂಬರ್ ಓದೋದು ಸುಲಭ. ಸುಮ್ನೆ ಉದಾಹರಣೆಗೆ "ಎಸ್‌ಡಬ್ಲ್ಯೂ 14-1-2 ವೆಸ್ಟ್" ಅಂತಿದೆ ಅನ್ಕೊಳ್ಳಿ. ಹಿಂದಿನಿಂದ ಓದಿ. 2 ವೆಸ್ಟ್ ಅಂದ್ರೆ ವಿನ್ನಿಪೆಗ್‌ನ ಸ್ವಲ್ಪ ಪಶ್ಚಿಮಕ್ಕೆ ಹಾದುಹೋಗೋ ಮೂಲ ರೇಖಾಂಶದಿಂದ ಪಶ್ಚಿಮಕ್ಕೆ ಎರಡನೇ ಸಾಲು. 1 ಅಂದ್ರೆ ಅಮೆರಿಕದ ಬಾರ್ಡರ್‌ನಿಂದ ಮೇಲಕ್ಕೆ ಮೊದಲನೇ ಟೌನ್‌ಶಿಪ್. ಒಂದು ಟೌನ್‌ಶಿಪ್ 6 ಮೈಲಿಗೆ 6 ಮೈಲಿ, ಅದರಲ್ಲಿ ಒಂದೊಂದು ಚದರ ಮೈಲಿಯ 36 ಸೆಕ್ಷನ್. ನಂಬರ್ ಹಾಕೋದು ಆಗ್ನೇಯ ಮೂಲೆಯಿಂದ, 1ರಿಂದ 6 ಪಶ್ಚಿಮಕ್ಕೆ, ಮೇಲಿನ ಸಾಲಲ್ಲಿ 7ರಿಂದ 12 ಪೂರ್ವಕ್ಕೆ, ಎತ್ತು ಉತ್ಕೊಂಡು ಹೋಗಿ ತಿರುಗಿ ಬರೋ ಹಂಗೆ. ಹಂಗಾದ್ರೆ 14 ಕೆಳಗಿಂದ ಮೂರನೇ ಸಾಲಲ್ಲಿ ಪೂರ್ವದ ಕಡೆಯಿಂದ ಎರಡನೇದು, ಅಂದ್ರೆ ಬಾರ್ಡರ್‌ನಿಂದ ಎರಡು ಮೈಲಿ ಮೇಲೆ. ಎಸ್‌ಡಬ್ಲ್ಯೂ ಅಂದ್ರೆ ಅದರ ನೈಋತ್ಯದ ಕಾಲು ಭಾಗ, 160 ಎಕರೆ. ಅಲ್ಲಿಗೆ ಬಂದ್ರೆ ಸಾಕು, ಮಿಕ್ಕಿದ್ದು ಸ್ಯಾಟಲೈಟ್ ಮ್ಯಾಪಲ್ಲಿ ಕಾಣತ್ತೆ. ಉಳುಮೆಯ ಗೆರೆಗಳು ಎಲ್ಲಿ ಬಳಸಿಕೊಂಡು ಹೋಗ್ತಾವೋ ಅಲ್ಲಿ ಏನೋ ಇದೆ. ಸಾಲುಮರ ಇದ್ರೆ ಹಳೇ ಬೀದಿ, ಅದರ ತುದಿಯಲ್ಲೋ ಹಿಂದಿನ ಹೊಲದ ಅಂಚಲ್ಲೋ ನೋಡಿ.

4. ಹೋಗೋ ದಿನ

ಸುತ್ತ ಇರೋದು ಖಾಸಗಿ ಹೊಲ. ರೈತನ್ನ ಕೇಳ್ದೆ ಕಾಲಿಡ್ಬೇಡಿ, ಬಿತ್ತನೆ ಹೊತ್ತಲ್ಲಿ, ಕಟಾವಿನ ಹೊತ್ತಲ್ಲಿ ಫೋನ್ ಮಾಡಿ ತಲೆ ತಿನ್ಬೇಡಿ. ಜೂನ್ ಚೆನ್ನ, ಸೆಪ್ಟೆಂಬರ್ ಕೊನೆ ಇನ್ನೂ ಚೆನ್ನ. ಉದ್ದ ಪ್ಯಾಂಟು, ಅದನ್ನ ಸಾಕ್ಸ್ ಒಳಗೆ ಸಿಗಿಸ್ಕೊಳ್ಳಿ, ಉಣ್ಣಿ ಹತ್ತತ್ತೆ, ಮನೆಗೆ ಬಂದು ಕಿವಿ ಹಿಂದೆ ಎಲ್ಲ ನೋಡ್ಕೊಳ್ಳಿ.

ಮಳೆ ಬಂದ ಮಾರನೇ ದಿನ ಮಾತ್ರ ಬೇಡ್ವೇ ಬೇಡ. ರೆಡ್ ನದಿಯ ಈ ಕಪ್ಪು ಜೇಡಿ ಮಣ್ಣಿಗೆ ಇಲ್ಲಿನವರು ಗಂಬೋ ಅಂತಾರೆ, ನಮ್ಮ ಧಾರವಾಡದ ಎರೆಮಣ್ಣಿನ ಸ್ವಂತ ತಮ್ಮ. ನಾನು ಮಣ್ಣಿನ ರಸ್ತೆಗೆ ಕಾರ್ ಇಳಿಸಿ ಇನ್ನೂರು ಅಡಿ ಹೋಗಿಲ್ಲ, ಚಕ್ರ ಪೂರ್ತಿ ಮುಚ್ಚಿಹೋಯ್ತು, ಒಂದು ಗಂಟೆ ಕಾದು ಕೊನೆಗೆ ಪಕ್ಕದ ಹೊಲದ ಯಜಮಾನ್ರು ಟ್ರ್ಯಾಕ್ಟರ್ ತಂದು ಎಳೆದ್ರು, ದುಡ್ಡು ಕೊಡೋಕೆ ಹೋದ್ರೆ ನಕ್ಕು ತಮ್ಮ ಪ್ಲಾಟ್‌ಡೀಚ್ ಭಾಷೇಲಿ ಏನೋ ಅಂದ್ರು. ಕಲೀಗ್ ಅನುವಾದ ಮಾಡೋಕೆ ಒಪ್ಲಿಲ್ಲ.

5. ನೆಲ ಓದೋದು

ಇದೇ ಮುಖ್ಯ ಭಾಗ, ನಿಧಾನ ಓದಿ.

ಒಳಗೆ ಹೋದ ತಕ್ಷಣ ಕಲ್ಲಿನ ಹತ್ರ ಓಡ್ಬೇಡಿ. ಮೊದಲ ತಲೆಮಾರಿನ ಎಷ್ಟೋ ಗೋರಿಗೆ ಕಲ್ಲೇ ಇರ್ಲಿಲ್ಲ. ಬಡತನ ಒಂದು ಕಾರಣ, ಕಲ್ಲು ಸಿಗದ ಬಯಲು ಇನ್ನೊಂದು, ಆದ್ರೆ ದೊಡ್ಡ ಕಾರಣ ನಂಬಿಕೆ. ಡೆಮುಟ್ ಅಂತಾರೆ, ದೈನ್ಯ, ವಿನಯ. ಸತ್ತ ಮೇಲೂ ಒಬ್ಬ ಇನ್ನೊಬ್ಬನಿಗಿಂತ ಎತ್ತರ ನಿಲ್ಲಬಾರದು. ನಾವು ಊರ ಬಾಗಿಲಲ್ಲಿ ವೀರಗಲ್ಲು ನೋಡ್ಕೊಂಡು ಬೆಳೆದವರು, ನಮಗೆ ಇದು ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕು. ಮರದ ಹಲಗೆ ನೆಟ್ಟಿದ್ರೂ ಅದು ಕೊಳೆತೋ ಹುಲ್ಲಿಗೆ ಬೆಂಕಿ ಬಿದ್ದೋ ಹೋಯ್ತು.

ಹಂಗಾಗಿ ಸಂಜೆ ಹೊತ್ತಲ್ಲಿ ಹೋಗಿ. ಸೂರ್ಯ ಕೆಳಗಿಳಿದಾಗ ನೆಲದ ತಗ್ಗುಗಳಿಗೆ ನೆರಳು ತುಂಬ್ಕೊಳ್ಳತ್ತೆ. ಪೆಟ್ಟಿಗೆ ಕೊಳೆತು ಮಣ್ಣು ಕುಸಿದಿರೋ ಜಾಗ ಅವು. ಬೇಲಿ ಪಕ್ಕ ನೆಲಕ್ಕೆ ಕೂತು ನೋಡಿ, ನಿಂತು ನೋಡಿದ್ರೆ ಕಾಣಲ್ಲ. ಆರಡಿ ಉದ್ದದ್ದು ದೊಡ್ಡವರದ್ದು, ಎರಡು ಮೂರಡಿದ್ದು ಮಕ್ಕಳದ್ದು. ಮೊದಲ ಹಿಮ ತೆಳ್ಳಗೆ ಬಿದ್ದ ದಿನ ಹೋದ್ರೆ ಇನ್ನೂ ಚೆನ್ನಾಗಿ ಕಾಣತ್ತೆ, ಗಾಳಿಗೆ ಬಯಲಿನ ಹಿಮ ಹಾರಿ ತಗ್ಗಲ್ಲಿ ಮಾತ್ರ ಬಿಳಿ ಉಳಿದಿರತ್ತೆ.

ಇನ್ನು ಆ ತಾರೀಕಿನ ಶೀಟ್ ತೆಗೀರಿ. ತುಂಬ ಹಳ್ಳಿಗಳಲ್ಲಿ ಕುಟುಂಬಕ್ಕೆ ಅಂತ ಜಾಗ ಇರ್ಲಿಲ್ಲ, ಸತ್ತ ಕ್ರಮದಲ್ಲಿ ಸಾಲಾಗಿ ಹೂಳೋರು, ಗಂಡ ಒಂದು ಸಾಲಲ್ಲಿ ಹೆಂಡತಿ ಇನ್ನೊಂದರಲ್ಲಿ. ಕುಟುಂಬ ಹುಡುಕೋರಿಗೆ ಇದು ಬೇಜಾರು, ನಮಗೆ ಇದೇ ಕೀಲಿ. ಒಂದು ಸಾಲಲ್ಲಿ 1877ರ ನವೆಂಬರ್‌ದು ಒಂದು ಕಲ್ಲು ಉಳಿದಿದೆ, ಮುಂದೆ 1878ರ ಏಪ್ರಿಲ್‌ದು ಇನ್ನೊಂದು, ಮಧ್ಯದಲ್ಲಿ ಮೂರು ತಗ್ಗು, ಸಣ್ಣ, ದೊಡ್ಡ, ಸಣ್ಣ ಅನ್ಕೊಳ್ಳಿ. ನಿಮ್ಮ ಶೀಟಲ್ಲಿ ಆ ಐದು ತಿಂಗಳಲ್ಲಿ ಊರಲ್ಲಿ ಸತ್ತವರು ಮೂರು ಜನ, ಮೊದ್ಲು ಒಂದು ಮಗು, ಆಮೇಲೆ ಒಬ್ಬ ಹೆಂಗಸು, ಆಮೇಲೆ ಇನ್ನೊಂದು ಮಗು ಇದ್ರೆ? ಕೂಡಿ ಬಂತು. ಎರಡು ಇದ್ದು ಮೂರು ತಗ್ಗಿದ್ರೆ ರಿಜಿಸ್ಟರಲ್ಲಿ ಒಬ್ಬರು ಬಿಟ್ಟುಹೋಗಿದಾರೆ, ಹೆಸರಿಡೋ ಮುಂಚೆ ಹೋದ ಮಗು ಇರಬಹುದು. ಕುಟುಂಬವಾರು ಹೂತಿರೋ ಕಡೆ ಈ ಲೆಕ್ಕ ಕೆಲಸ ಮಾಡಲ್ಲ, ಒಂದು ಸಾಲಲ್ಲಿ ಉಳಿದ ಕಲ್ಲುಗಳ ತಾರೀಕು ಕ್ರಮದಲ್ಲಿದೆಯಾ ಅಂತ ಮೊದ್ಲು ಪರೀಕ್ಷೆ ಮಾಡ್ಕೊಳ್ಳಿ.

ಅಗೆಯೋದು, ಸಲಾಕೆ ಚುಚ್ಚೋದು, ಹೂತುಹೋದ ಕಲ್ಲು ಎತ್ತೋದು, ಇದ್ಯಾವುದೂ ನಮ್ಮ ಕೆಲಸ ಅಲ್ಲ. ಮೂಳೆ ಏನಾದ್ರೂ ಕಂಡ್ರೆ ಮುಟ್ಟದೆ ಪೊಲೀಸರಿಗೆ ಹೇಳಿ.

ಕೆಲವು ಕಡೆ ಸ್ಥಳೀಯರು ಒಂದು ಸ್ಮಾರಕ ಕಟ್ಟಿ ಹೆಸರಿನ ಫಲಕ ಹಾಕಿರ್ತಾರೆ. ಒಳ್ಳೇ ಕೆಲಸ, ಆದ್ರೆ ಆ ಪಟ್ಟಿನೂ ರಿಜಿಸ್ಟರ್ ನೋಡಿ ಮಾಡಿದ್ದೇ, ರಿಜಿಸ್ಟರಿನ ತಪ್ಪು ಕಂಚಿನಲ್ಲಿ ಕೂತಿರತ್ತೆ ಅಷ್ಟೆ.

6. ಕಲ್ಲು ಓದೋದು

ಹಳೇ ಕಲ್ಲು ಅಂದ್ರೆ ಎಷ್ಟೋ ಸಲ ಮನೇಲೇ ಎರಕ ಹೊಯ್ದ ಸಿಮೆಂಟು, ಹಸಿ ಇದ್ದಾಗ್ಲೇ ಅಕ್ಷರ ಒತ್ತಿರೋದು. ಭಾಷೆ ಜರ್ಮನ್, ಲಿಪಿ ಗೋಥಿಕ್. ಎರಡು ಮೂರು ಮೋಸ ನೆನಪಿಡಿ. ಉದ್ದನೆ 'ಎಸ್' ನೋಡೋಕೆ 'ಎಫ್' ತರ. 'ಕೆ' ನೋಡೋಕೆ 'ಟಿ' ತರ. ದೊಡ್ಡಕ್ಷರದಲ್ಲಿ 'ಐ', 'ಜೆ' ಎರಡಕ್ಕೂ ಒಂದೇ ಆಕಾರ, ಐಸಾಕ್ ಅನ್ನೋನು ನನ್ನ ನೋಟ್‌ಬುಕ್ಕಲ್ಲಿ ಒಂದು ವರ್ಷ ಜೆಸಾಕ್ ಆಗಿದ್ದ.

ಪದಗಳು ಹತ್ತು ಗೊತ್ತಿದ್ರೆ ಸಾಕು. "ಹಿಯರ್ ರೂಟ್" ಅಂದ್ರೆ ಇಲ್ಲಿ ಮಲಗಿದಾರೆ. "ಗೆಬೋರೆನ್" ಹುಟ್ಟಿದ್ದು, "ಗೆಶ್ಟೋರ್ಬೆನ್" ಸತ್ತಿದ್ದು. "ಗೆಬ್" ಅಂತ ಚಿಕ್ಕದಾಗಿ ಬರೆದಿದ್ರೆ ಮುಂದೇನಿದೆ ನೋಡಿ, ತಾರೀಕಿದ್ರೆ ಹುಟ್ಟಿದ ದಿನ, ಹೆಸರಿದ್ರೆ ಆ ಹೆಂಗಸಿನ ತವರಿನ ಮನೆತನ. ಈ ತವರಿನ ಹೆಸರು ಚಿನ್ನ, ಯಾಕಂದ್ರೆ ಗಂಡ ಸತ್ತ ಕೆಲವೇ ತಿಂಗಳಲ್ಲಿ ಮತ್ತೆ ಮದುವೆ ಆಗೋದು ಮಾಮೂಲಿ, ಕಲ್ಲಿನ ಮೇಲಿರೋದು ಎರಡನೇ ಗಂಡಂದೋ ಮೂರನೇ ಗಂಡಂದೋ ಹೆಸರು.

ಕೆಲವು ಕಲ್ಲಲ್ಲಿ ಹುಟ್ಟಿದ ದಿನ ಇರಲ್ಲ, ಬದುಕಿದ್ದ ಲೆಕ್ಕ ಇರತ್ತೆ. 1889ರ ಮಾರ್ಚ್ 14ಕ್ಕೆ ತೀರಿಕೊಂಡ್ರು, 62 ವರ್ಷ 3 ತಿಂಗಳು 20 ದಿನ ಅಂತಿದ್ರೆ, 62 ವರ್ಷ ಕಳೆದ್ರೆ 1827 ಮಾರ್ಚ್ 14, ಮೂರು ತಿಂಗಳು ಕಳೆದ್ರೆ 1826 ಡಿಸೆಂಬರ್ 14, 20 ದಿನ ಕಳೆದ್ರೆ ನವೆಂಬರ್ 24. ಆದ್ರೆ ರಿಜಿಸ್ಟರಲ್ಲಿ ನವೆಂಬರ್ 12 ಅಂತಿರತ್ತೆ! ತಲೆ ಕೆಡಿಸ್ಕೊಬೇಡಿ, ಯಾರದ್ದೂ ತಪ್ಪಲ್ಲ. ಹುಟ್ಟಿದ್ದು ರಷ್ಯಾದಲ್ಲಿ, ಅಲ್ಲಿ ಜೂಲಿಯನ್ ಕ್ಯಾಲೆಂಡರ್, 19ನೇ ಶತಮಾನದಲ್ಲಿ ಅದು ನಮ್ಮ ಕ್ಯಾಲೆಂಡರ್‌ಗಿಂತ 12 ದಿನ ಹಿಂದೆ. ವ್ಯತ್ಯಾಸ ಸರಿಯಾಗಿ 12 ದಿನ ಬಂದ್ರೆ ಖುಷಿಪಡಿ, ಅದೇ ಮನುಷ್ಯ ಅನ್ನೋಕೆ ಇನ್ನೊಂದು ಸಾಕ್ಷಿ.

7. ತೊಳೆಯೋದು, ಫೋಟೋ

ಬರೀ ನೀರು, ಮೆತ್ತನೆ ಬ್ರಷ್. ಬ್ಲೀಚ್ ಬೇಡ, ತಂತಿ ಬ್ರಷ್ ಬೇಡ, ಶೇವಿಂಗ್ ಕ್ರೀಮ್ ಹಚ್ಚೋ ವಿಡಿಯೋ ನೋಡಿರ್ತೀರ, ಅದು ಬೇಡ್ವೇ ಬೇಡ, ಸೀಮೆಸುಣ್ಣನೂ ಬೇಡ. ಪುಡಿ ಉದುರ್ತಿದ್ರೆ ನೀರೂ ಮುಟ್ಟಿಸ್ಬೇಡಿ. ಅಕ್ಷರ ಕಾಣ್ತಿಲ್ಲ ಅಂದ್ರೆ ಒಂದು ದೊಡ್ಡ ಕನ್ನಡಿ ತಗೊಂಡು ಹೋಗಿ, ಒಬ್ರು ಪಕ್ಕದಿಂದ ಬಿಸಿಲನ್ನ ಕಲ್ಲಿನ ಮೇಲೆ ಓರೆಯಾಗಿ ಹಾಯಿಸ್ಬೇಕು, ಸವೆದ ಅಕ್ಷರಕ್ಕೆ ನೆರಳು ಬಂದು ಎದ್ದು ನಿಲ್ಲತ್ತೆ. ಬಾತ್ರೂಮಿನ ಕನ್ನಡಿ ಬಿಚ್ಕೊಂಡು ಹೋಗಿದ್ದಕ್ಕೆ ಮನೇಲಿ ಬೈಸ್ಕೊಂಡೆ, ಆದ್ರೆ ಕೆಲಸ ಆಯ್ತು. ಮೊದ್ಲು ಇಡೀ ಸಾಲಿನ ಫೋಟೋ, ಆಮೇಲೆ ಒಂದು ಕಲ್ಲು, ಆಮೇಲೆ ಅಕ್ಷರ. ಕಲ್ಲಿಲ್ಲದ ತಗ್ಗಿಗೂ ಫೋಟೋ ತೆಗೀರಿ.

8. ಬರೆದಿಡೋದು

ಬಾಗಿಲಿಂದ ಸಾಲಿನ ನಂಬರ್, ಸಾಲಲ್ಲಿ ಜಾಗದ ನಂಬರ್, ಕಲ್ಲು ಇದೆಯಾ ಇಲ್ವಾ, ಇದ್ರೆ ಅದರ ಮೇಲಿರೋದನ್ನ ಇರೋ ಹಂಗೇ ಕಾಪಿ (ತಪ್ಪಿದ್ರೂ ತಿದ್ದಬೇಡಿ), ರಿಜಿಸ್ಟರ್ ಏನು ಹೇಳತ್ತೆ ಅನ್ನೋದು ಬೇರೆ ಕಾಲಂ, ನಿಮ್ಮ ಊಹೆ ಇನ್ನೊಂದು ಕಾಲಂ. ಈ ಮೂರನ್ನ ಕಲಸಿದ್ರೆ ಮುಂದಿನವರಿಗೆ ಏನೂ ಉಪಯೋಗ ಇಲ್ಲ. ಫೈಂಡ್ ಎ ಗ್ರೇವ್ ಅನ್ನೋ ಗೋರಿಗಳ ವೆಬ್‌ಸೈಟಿಗೆ ಹಾಕೋದಾದ್ರೆ ಹಾಕಿ, ಬದುಕಿರೋರ ಹೆಸರು ಮಾತ್ರ ಹಾಕ್ಬೇಡಿ, ಒಂದು ಪ್ರತಿ ಹೊಲದ ಯಜಮಾನರಿಗೂ ಕೊಡಿ, ಅವರು ಕೇಳಿರಲ್ಲ, ಆದ್ರೂ ಕೊಡಿ.

ಮೂರನೇ ಬೇಸಿಗೆಯ ಸೆಪ್ಟೆಂಬರಲ್ಲಿ ನಾವು ಆ ಮಗುವಿನ ಸಾಲು ಲೆಕ್ಕ ಹಾಕಿ ಮುಗಿಸಿದಾಗ ಕಲೀಗ್ ಏನೂ ಮಾತಾಡ್ಲಿಲ್ಲ, ಬ್ಯಾಗಿಂದ ಸ್ವೀಬಾಕ್ ತೆಗೆದ್ಳು, ಒಂದರ ಮೇಲೊಂದು ಕೂತಿರೋ ಜೋಡಿ ಬನ್ನು, ಅವರಮ್ಮ ಮಾಡಿದ್ದು, ಫ್ಲಾಸ್ಕಲ್ಲಿ ಕಾಫಿ, ಜೊತೆಗೆ ಸಕ್ಕರೆ ತುಂಡು, ತಿಥಿ ಊಟದ್ದೇ ತಿಂಡಿ ಅಂತೆ ಅದು. ಹುಲ್ಲಿನ ಮೇಲೆ ಕೂತು ತಿಂದು ಶೀಟ್ ತುಂಬಿದ್ವಿ. ಸಾಲು 2, ಜಾಗ 7. ಕಲ್ಲು: ಇಲ್ಲ. ಉದ್ದ: ಎರಡೂವರೆ ಅಡಿ. ಊಹೆಯ ಕಾಲಂನಲ್ಲಿ ಅವಳೇ ಹೆಸರು ಬರೆದ್ಳು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ಳು.